ಹೊಗೆ ಯಾರ ಪಾಲಿಗೆ?

ಮುದ್ದೇಬಿಹಾಳದ ನಿವೃತ್ತ ಶಿಕ್ಷಕರೊಬ್ಬರ ಪತ್ರ: “ಮಗನ ಮನೆಗೆಂದು ಸಿಂಗಪುರಕ್ಕೆ ಹೋಗಿದ್ದೆ. ಬಸ್ ತಂಗುದಾಣದ ಪಕ್ಕ, ಬಯಲಿನಲ್ಲೇ ನಿಂತು ಸಿಗರೇಟು ಹಚ್ಚಿದ್ದಕ್ಕೆ 200 ಡಾಲರ್ ದಂಡ ಹಾಕಿದರು. ವಯಸ್ಸಾದ ಅತಿಥಿಗೆ ಒಂದು ಮಾತು ಎಚ್ಚರಿಸಿ ಬಿಡಬಾರದಿತ್ತೇ? ಇಂಥ ದರ್ಪ ನಮ್ಮಲ್ಲಿಲ್ಲ ಎಂಬುದೇ ಸಮಾಧಾನ.”

ಸಂಪಾದಕರ ಉತ್ತರ:

ಗುರುಗಳೇ, ಪರದೇಶದಲ್ಲಿ ಮಗ, ಸೊಸೆಯ ಎದುರು ದಂಡದ ಚೀಟಿ ಹಿಡಿದು ನಿಲ್ಲುವುದು ಯಾರಿಗೂ ಹಿತವಲ್ಲ, ಒಪ್ಪಿದೆ. ನನ್ನ ಅನುಕಂಪ ಅಲ್ಲಿಗೆ ಮುಗಿಯಿತು. ಆ ದೇಶ 1970ರಲ್ಲೇ ಬಸ್ಸು ಮತ್ತು ಚಿತ್ರಮಂದಿರಗಳಲ್ಲಿ ಧೂಮಪಾನ ನಿಲ್ಲಿಸಿತು. ಇಂದು ತಂಗುದಾಣದ ಸುತ್ತ 5 ಮೀಟರ್ ಒಳಗೂ ಸೇದುವಂತಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಹೋಗಿದ್ದರೆ ದಂಡ 1,000 ಡಾಲರ್ ತನಕ ಏರಬಹುದಿತ್ತು. ಅಲ್ಲಿ ಸಿಗರೇಟಿಗೆ ಸುಂಕದ ವಿನಾಯಿತಿಯೂ ಇಲ್ಲ, ಜಗಿಯುವ ತಂಬಾಕನ್ನಂತೂ ಒಯ್ಯಲೇಬಾರದು ಎಂಬುದನ್ನು ಮುಂದೆ ಹೊರಡುವವರು ಗಮನಿಸಲಿ.

ದರ್ಪ ಎನ್ನುವ ಮೊದಲು ಇಂಥ ನಿಯಮ ಯಾರಿಗಾಗಿ ಹುಟ್ಟಿತೆಂದು ನೋಡಬೇಕು. 2004ರ ಮಾರ್ಚ್‌ನಲ್ಲಿ ಐರ್ಲೆಂಡ್ ತನ್ನ ಪಬ್‌ಗಳಲ್ಲಿ ಸಿಗರೇಟು ಆರಿಸಿದ್ದು ಅಲ್ಲಿ ದುಡಿಯುವವರ ಆರೋಗ್ಯಕ್ಕಾಗಿ. ಗಿರಾಕಿ ಅರ್ಧ ತಾಸು ಕೂತು ಎದ್ದು ಹೋದರೂ ಗ್ಲಾಸು ತುಂಬಿ ಕೊಡುವವರು ಪಾಳಿ ಮುಗಿಯುವ ತನಕ ಅದೇ ಹೊಗೆಯಲ್ಲಿ ಇರಬೇಕಾಗಿತ್ತು. ಟೋಕಿಯೊದ ಚಿಯೊದಾ ವಾರ್ಡು 2002ರಲ್ಲೇ ಬೀದಿಯಲ್ಲಿ ಸೇದುವವರಿಗೆ ದಂಡ ಹಾಕಿತು. ಬಯಲಾದರೇನು, ಜಂಗುಳಿಯಲ್ಲಿ ಇಳಿಬಿಟ್ಟ ಕೈಯ ಕೆಂಡ ಮಗುವಿನ ಮುಖದ ಎತ್ತರಕ್ಕೇ ಬರುತ್ತದೆ.

ನಮ್ಮಲ್ಲಿಯೂ 2003ರ ಕಾಯ್ದೆಯಿದೆ, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧವಿದೆ, 2025ರಲ್ಲಿ ಒಪ್ಪಿಗೆ ಪಡೆದ ರಾಜ್ಯದ ತಿದ್ದುಪಡಿ 200 ರೂಪಾಯಿಯ ದಂಡವನ್ನು 1,000ಕ್ಕೆ ಏರಿಸಿದೆ. ಇಷ್ಟಾದರೂ ವಿಜಯಪುರದಲ್ಲಿ ನಾನು ದಿನಾ ಹೋಗುವ ಚಹಾದಂಗಡಿಯಲ್ಲಿ ‘ಧೂಮಪಾನ ನಿಷೇಧಿಸಿದೆ’ ಎಂಬ ಫಲಕದ ಮೊಳೆಗೇ ಲೈಟರನ್ನು ದಾರ ಕಟ್ಟಿ ತೂಗುಬಿಟ್ಟಿದ್ದಾರೆ. ಗಿರಾಕಿಗಳು ಮಿಕ್ಕ ಚಹಾದಲ್ಲಿ ಅದ್ದಿ ಆರಿಸಿದ ಸಿಗರೇಟಿನ ತುಂಡು ಕಪ್ಪಿನ ತಳದಲ್ಲಿ ಉಬ್ಬಿ ಒಡೆದಿರುತ್ತದೆ; ಕಪ್ಪು ತೊಳೆಯುವಾಕೆ ಅದನ್ನು ಬೆರಳಿನಿಂದ ಬಳಿದು ತೆಗೆಯುತ್ತಾಳೆ, ಬೆಳಗಿನಿಂದ ಸಂಜೆಯ ತನಕ ಕೆಮ್ಮುತ್ತಾಳೆ. ದಂಡ ವಸೂಲಿ ಮಾಡಬೇಕಾದವರೂ ಅಲ್ಲೇ ನಿಂತು ಅದೇ ಲೈಟರಿನಿಂದ ಹಚ್ಚಿಕೊಳ್ಳುವುದನ್ನು ಕಂಡಿದ್ದೇನೆ.

ಈ ಹೊಗೆಗೂ ನಮ್ಮೂರಿಗೂ ಹಳೆಯ ನಂಟು. ಅಕ್ಬರನ ರಾಯಭಾರಿ ಅಸದ್ ಬೇಗ್ ಸುಮಾರು 1604ರಲ್ಲಿ ಇದೇ ಬಿಜಾಪುರದಿಂದ ತಂಬಾಕು ಒಯ್ದು, ರತ್ನ ಕೂರಿಸಿದ ಕೊಳವೆಯೊಡನೆ ಬಾದಶಹನ ಮುಂದಿಟ್ಟ. ವೈದ್ಯ ಬೇಡವೆಂದ, ಅಮೀರರು ನಮಗೂ ಬೇಕೆಂದರು. ಗೆದ್ದವರು ಅಮೀರರೇ. ಇಂದಿಗೂ ಪ್ಯಾಕಿನ ನೂರಕ್ಕೆ 85 ಭಾಗ ಎಚ್ಚರಿಕೆಯ ಚಿತ್ರ ಅಚ್ಚು ಮಾಡಿಸುವ ಸರ್ಕಾರವೇ ಅದೇ ಪ್ಯಾಕಿನ ತೆರಿಗೆ ಎಣಿಸುತ್ತದೆ.

ನಮ್ಮವರಿಗೆ ಮರ್ಯಾದೆ ಗೊತ್ತಿಲ್ಲ ಎಂದು ನಾನು ಹೇಳುವುದಿಲ್ಲ. ತಂದೆಯೋ ಮಾವನೋ ಎದುರು ಬಂದರೆ ಮೀಸೆ ನರೆತವನೂ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡುತ್ತಾನೆ. ಕಪ್ಪು ತೊಳೆಯುವಾಕೆಯ ಎದುರು ಮಾತ್ರ ಯಾರೂ ಮರೆಮಾಡುವುದಿಲ್ಲ. ಸಿಂಗಪುರದಲ್ಲಿ ಆ ಮರ್ಯಾದೆ ತಂಗುದಾಣದಲ್ಲಿ ನಿಂತ ಅಪರಿಚಿತರಿಗೂ ಸಲ್ಲುತ್ತದೆ; ಅದರ ಬೆಲೆಯನ್ನೇ ತಾವು ತೆತ್ತಿರಿ.

ಮತ್ತೆ ಹೋದಾಗ ಹಳದಿ ಗೆರೆ ಎಳೆದ ಧೂಮಪಾನದ ಜಾಗವನ್ನು ಮಗನಿಂದ ಕೇಳಿ ತಿಳಿದುಕೊಳ್ಳಿ. ಅದಕ್ಕೂ ಮೊದಲು ತಮ್ಮೂರಿನ ಚಹಾದಂಗಡಿಯಲ್ಲಿ ಒಮ್ಮೆ “ಹೊರಗೆ ಹೋಗಿ ಸೇದ್ರಪಾ” ಎಂದು ಗದರಿ ನೋಡಿ. ಅಲ್ಲಿ ಸೇದುವವರಲ್ಲಿ ಅರ್ಧ ಜನ ತಮ್ಮ ವಿದ್ಯಾರ್ಥಿಗಳೇ ಇದ್ದಾರು.