ರಷ್ಯಾದ ಅರಮನೆಗೆ ರೆಂಬ್ರಾಂಟ್ ಬಂದದ್ದು ಹೇಗೆ?

ಪ್ರಶ್ನೆ: ಸರ್, ನಮ್ಮ ಅಲೋಶಿಯಸ್ ಚಾಪೆಲ್‌ನ ಪೇಂಟಿಂಗ್ ಇಟಲಿಯ ಮೊಸ್ಕೆನಿ ಇಲ್ಲಿಗೇ ಬಂದು ಮಾಡಿದ್ದು ಅಂತ ಗೊತ್ತುಂಟು. ಆದ್ರೆ ಡಚ್ ಚಿತ್ರಕಾರ ರೆಂಬ್ರಾಂಟ್ ರಷ್ಯಾಕ್ಕೆ ಹೋದವನೇ ಅಲ್ಲ, ಅವನ ಚಿತ್ರ ಅಲ್ಲಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿ ಅಷ್ಟೊಂದು ಹೇಗೆ? ಲೂಟಿ ಮಾಡಿದ್ದಾ? ಈಗಲೂ ಎಲ್ಲ ಅಲ್ಲೇ ಉಂಟಾ?
– ಓದುಗರು, ಬಿಜೈ, ಮಂಗಳೂರು

ಉತ್ತರ: ತ್ಸಾರ್ ಕಾಲದಲ್ಲಿ ಬಂದದ್ದು ಹೆಚ್ಚಿನದ್ದೂ ಲೂಟಿ ಅಲ್ಲ ಮಾರಾಯ್ರೆ, ಖರೀದಿ. ಆದ್ರೆ ಮಾರುವವರ ಕೈ ಖಾಲಿ ಆದ ಹೊತ್ತು ನೋಡಿ ಮಾಡಿದ ಖರೀದಿ. ಬರ್ಲಿನ್‌ನ ವ್ಯಾಪಾರಿ ಗೋಟ್ಸ್‌ಕೋವ್ಸ್ಕಿ ಪ್ರಷ್ಯಾದ ರಾಜ ಫ್ರೆಡ್ರಿಕ್‌ಗೆ ಅಂತ ಚಿತ್ರ ಒಟ್ಟು ಮಾಡಿದ್ದ, ಯುದ್ಧ ಮಾಡಿ ಮಾಡಿ ರಾಜನ ಹತ್ರ ದುಡ್ಡಿಲ್ಲ, ವ್ಯಾಪಾರಿಗೆ ರಷ್ಯಾದ ಸಾಲ ಬೇರೆ ಬಾಕಿ, ಹಾಗಾಗಿ 1764ರಲ್ಲಿ ಆ ಚಿತ್ರಗಳು ರಷ್ಯಾದ ರಾಣಿ ಕ್ಯಾಥರೀನ್ ಕೈಗೆ ಹೋದವು. ಅರಮನೆಯ ಹರ್ಮಿಟೇಜ್ ಸಂಗ್ರಹ ಶುರುವಾದದ್ದೇ ಅಲ್ಲಿಂದ.

ಇಂಗ್ಲೆಂಡಿನ ಕಥೆ ಇನ್ನೂ ಬೇಜಾರಿನದ್ದು. ಅಲ್ಲಿನ ಮೊದಲ ಪ್ರಧಾನಿ ವಾಲ್ಪೋಲ್ ಹೌಟನ್ ಹಾಲ್ ಮನೆಯಲ್ಲಿ ಜೋಪಾನ ಮಾಡಿದ್ದ ಚಿತ್ರಗಳನ್ನು ಸಾಲಗಾರನಾಗಿದ್ದ ಮೊಮ್ಮಗ ಮಾರಲಿಕ್ಕೆ ಹೊರಟ. ಸರ್ಕಾರವೇ ತಗೊಳ್ಳಲಿ ಅಂತ ಪಾರ್ಲಿಮೆಂಟಿನಲ್ಲಿ ಸದಸ್ಯ ವಿಲ್ಕ್ಸ್ ಎದ್ದು ನಿಂತು ಕೇಳಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, 1779ರಲ್ಲಿ 40,555 ಪೌಂಡಿಗೆ ಎಲ್ಲ ರಷ್ಯಾ ಸೇರಿತು. ಎಲ್ಲ ಖರೀದಿಯೂ ದಡ ಸೇರಲಿಲ್ಲ, 1771ರಲ್ಲಿ ಆಂಸ್ಟರ್‌ಡ್ಯಾಮ್‌ನಿಂದ ಹೊರಟ ಚಿತ್ರಗಳು ಫಿನ್‌ಲ್ಯಾಂಡ್ ಹತ್ರ ಹಡಗಿನ ಜೊತೆ ಮುಳುಗಿದವು.

ರೆಂಬ್ರಾಂಟ್‌ನ 'ಪೋಲಿಮಗನ ಮರಳುವಿಕೆ' ಬಂದದ್ದು 1766ರಲ್ಲಿ. ಮನೆ ಬಿಟ್ಟು ಹೋಗಿ ಎಲ್ಲ ಕಳಕೊಂಡ ಮಗ ಮೊಣಕಾಲೂರಿದ್ದಾನೆ, ತಲೆ ಬೋಳು, ಒಂದು ಚಪ್ಪಲಿ ಜಾರಿ ಅಂಗಾಲು ಕಾಣ್ತದೆ, ಮುದಿ ಅಪ್ಪನ ಎರಡು ಕೈ ಅವನ ಬೆನ್ನ ಮೇಲೆ. ಫೋಟೋದಲ್ಲಿ ನೋಡಿದ್ರೂ ನನಗೆ ಗಂಟಲು ಕಟ್ತದೆ. ಇಂಥದ್ದನ್ನು ಕೊಳ್ಳಲಿಕ್ಕೆ ಖಜಾನೆ ತುಂಬಿಸಿದ್ದು ಜೀತದ ರೈತರು, ಅವರಿಗೆ ಮಾತ್ರ ಇದು ಕಾಣಲಿಕ್ಕೆ ಸಿಗಲಿಲ್ಲ. ತ್ಸಾರ್ ನಿಕೋಲಸ್ 1 ಸಾರ್ವಜನಿಕರಿಗೆ ಹರ್ಮಿಟೇಜ್ ಬಾಗಿಲು ತೆಗೆದದ್ದು 1852ರಲ್ಲಿ, ಅಂದ್ರೆ ಸುಮಾರು ಒಂದು ಶತಮಾನ ರಾಜಮನೆತನ, ಅವರ ನೆಂಟರಿಷ್ಟರು, ಅನುಮತಿ ಸಿಕ್ಕಿದ ಕೆಲವರು ಇಷ್ಟೇ ಜನ ನೋಡಿದ್ದು. ನನಗೆ ಇದು ಲೂಟಿಗಿಂತ ಏನೂ ಕಮ್ಮಿ ಅನ್ನಿಸುದಿಲ್ಲ.

ಎಲ್ಲ ಅಲ್ಲೇ ಇಲ್ಲ. 1930-31ರಲ್ಲಿ ಸೋವಿಯತ್ ಸರ್ಕಾರಕ್ಕೆ ಡಾಲರ್ ಬೇಕಾಗಿ 21 ಚಿತ್ರಗಳನ್ನು ಅಮೆರಿಕದ ಶ್ರೀಮಂತ ಆಂಡ್ರ್ಯೂ ಮೆಲನ್‌ಗೆ ಗುಟ್ಟಾಗಿ ಮಾರಿತು. ಇಟಲಿಯ ಚಿತ್ರಕಾರ ರಾಫೆಲ್‌ನ 'ಆಲ್ಬಾ ಮಡೋನಾ' ಅದರಲ್ಲಿ ಒಂದು, ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಉಂಟು. ನಿಮ್ಮವರು ಯಾರಾದ್ರೂ ಆ ಕಡೆ ಇದ್ರೆ ಹೋಗಿ ನೋಡ್ಲಿಕ್ಕೆ ಹೇಳಿ, ಟಿಕೆಟ್ ಇಲ್ಲ.