ತೊಟ್ಟಿಯಲ್ಲಿರೋ ಅಂತರಗಂಗೆ ನಾಯಿಮರಿಗೆ ಅಪಾಯಾನಾ?

ಪ್ರಶ್ನೆ: ಡಾಕ್ಟ್ರೇ, ಸಿದ್ದಾಪುರದ ನರ್ಸರಿಯಿಂದ ನೀರ ಮೇಲೆ ತೇಲೋ ಅಂತರಗಂಗೆ ಗಿಡ ತಂದು ಟೆರೇಸ್ ಮೇಲಿನ ಸಿಮೆಂಟ್ ತೊಟ್ಟೀಲಿ ಬಿಟ್ಟಿದ್ದೀವಿ, ಗಪ್ಪಿ ಮೀನೂ ಇವೆ. ನಮ್ಮ ಇಂಡಿ (ದೇಸಿ ನಾಯಿ) ಮರಿ ಮೊನ್ನೆ ಒಂದು ಗಿಡ ಎಳ್ಕೊಂಡು ಅಗಿದ್ಬಿಡ್ತು. ಆಮೇಲೆ ಒಂದೇ ಸಮ ಜೊಲ್ಲು, ಕಾಲಲ್ಲಿ ಬಾಯಿ ಉಜ್ಕೋತಾ ಇತ್ತು, ಸಂಜೆ ಹೊತ್ತಿಗೆ ಸರಿಹೋಯ್ತು. ಇದು ವಿಷಾನಾ? ಎಲ್ಲಾ ಕಿತ್ತು ಬಿಸಾಕಿ ತಾವರೆ ಹಾಕ್ಲಾ?
– ಓದುಗರು, ರಾಜಾಜಿನಗರ

ಉತ್ತರ: ಮೊದಲು ಗಾಬರಿ ಬಿಡಿ, ಸಂಜೆಗೇ ಸರಿಹೋಗಿದೆ ಅಂದ್ರೆ ಮರಿ ಗೆದ್ದಂಗೆ. ಅಂತರಗಂಗೆ ಕೆಸುವಿನ ಕುಟುಂಬದ ಗಿಡ, ಹಸಿ ಕೆಸುವಿನೆಲೆ ಬಾಯಿಗಿಟ್ರೆ ಗಂಟಲು ಕೆರೆಯುತ್ತಲ್ಲ, ಅದಕ್ಕೇ ಪತ್ರೊಡೆಗೆ ಹುಣಸೆಹುಳಿ ಹಾಕೋದು, ಇಲ್ಲೂ ಅದೇ ಕಥೆ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರ್ತವೆ, ಸೂಜಿ ತರ, ಅಗಿದ ತಕ್ಷಣ ನಾಲಿಗೆ, ಒಸಡಿಗೆ ಚುಚ್ಕೊಳ್ತವೆ. ಅದಕ್ಕೇ ಜೊಲ್ಲು, ಕೆಲವು ಸಲ ವಾಂತಿ. ಬಾಯಿ ಉರಿಯೋದ್ರಿಂದ ಹೆಚ್ಚು ತಿನ್ನೋಕೂ ಆಗಲ್ಲ, ಪ್ರಾಣಕ್ಕೆ ಬರೋದು ಅಪರೂಪ. ಮನೆಯೊಳಗಿನ ಮನಿಪ್ಲಾಂಟ್, ಪೀಸ್ ಲಿಲಿಲೂ ಇದೇ ಹರಳು, ಅವನ್ನೂ ಮೇಲಿಡಿ.

ಮತ್ತೆ ಹಿಂಗಾದ್ರೆ ಒದ್ದೆ ಬಟ್ಟೇಲಿ ಬಾಯಿ ಒರೆಸಿ, ನೀರಲ್ಲಿ ತೊಳೀರಿ, ಎರಡು ಚಮಚ ಮೊಸರು ನೆಕ್ಕಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾತ್ರ ಮಾಡಿಸ್ಬೇಡಿ, ಎಷ್ಟೋ ಜನ ಮಾಡ್ತಾರೆ, ಅದು ಗಿಡಕ್ಕಿಂತ ಜಾಸ್ತಿ ಅಪಾಯ. ನಾಲಿಗೆ ಊದ್ಕೊಂಡು ಉಸಿರಾಟಕ್ಕೆ ಕಷ್ಟ ಆಗ್ತಿದ್ರೆ, ವಾಂತಿ ನಿಲ್ತಾ ಇಲ್ಲ ಅಂದ್ರೆ, ಗಿಡದ ಒಂದು ತುಂಡು ಕವರಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಓಡಿ.

ನನಗೆ ನಿಜವಾಗ್ಲೂ ಚಿಂತೆ ಇರೋದು ಗಿಡದ ಬಗ್ಗೆ ಅಲ್ಲ, ತೊಟ್ಟಿ ನೀರಿನ ಬಗ್ಗೆ. ಬಿಸಿಲಿಗೆ ನಿಂತ ನೀರು, ಅದಕ್ಕೆ ಗೊಬ್ಬರ ಬೇರೆ ಸೇರಿದ್ರೆ ನೀಲಿ-ಹಸಿರು ಪಾಚಿ ಬರಬಹುದು, ಮೇಲ್ಗಡೆ ಹಸಿರು ಪೇಂಟ್ ಚೆಲ್ಲಿದಂಗೆ ಕಾಣ್ಸುತ್ತೆ. ಇದರ ಕೆಲವು ಜಾತಿಗಳ ವಿಷ ಲಿವರ್ ಹಾಳು ಮಾಡುತ್ತೆ, ಕೆಲವು ನರಕ್ಕೇ ಹೊಡೆದು ಸ್ವಲ್ಪ ಹೊತ್ತಲ್ಲೇ ಫಿಟ್ಸ್ ಬರಿಸ್ತವೆ, ಇದಕ್ಕೆ ಪ್ರತಿವಿಷ ಇಲ್ಲ. ವಿಷ ಒಳಗೆ ಹೋಗೋಕೆ ನಾಯಿ ನೀರು ಕುಡೀಲೇಬೇಕು ಅಂತೇನಿಲ್ಲ, ಆ ನೀರಲ್ಲಿ ಬಿದ್ದು ಮೈ ನೆಕ್ಕೊಂಡ್ರೂ ಸಾಕು. ಹಂಗೆ ಕಂಡ್ರೆ ಕಾಯ್ಬೇಡಿ, ತೊಟ್ಟಿ ಖಾಲಿ ಮಾಡಿ ಉಜ್ಜಿ, ನಾಯಿ ಅದನ್ನ ಮುಟ್ಟಿದ್ರೆ ಸ್ನಾನ ಮಾಡಿಸಿ, ತಕ್ಷಣ ಡಾಕ್ಟ್ರಿಗೆ ತೋರಿಸಿ. ಇನ್ನೊಂದು, ಕೆರೆಗಳಿಂದ ಅಂತರಗಂಗೆ ಎತ್ಕೊಂಡು ಬರೋರಿದ್ದಾರೆ, ದಯವಿಟ್ಟು ಬೇಡ, ನಮ್ಮ ಎಷ್ಟೋ ಕೆರೆಗೆ ಬರೋದೇ ಒಳಚರಂಡಿ ನೀರು, ಆ ನೀರಲ್ಲಿರೋ ಲೋಹಗಳನ್ನೆಲ್ಲ ಈ ಗಿಡ ಹೀರ್ಕೊಂಡಿರುತ್ತೆ.

ತಾವರೆ ಹಾಕಿ, ಖಂಡಿತ ಒಳ್ಳೇದು, ಅದರ ಗೆಡ್ಡೆ ನಾವೇ ತಿಂತೀವಿ. ಆದ್ರೆ ಕುಂಡದ ಮಣ್ಣಿಗೆ ಮೂಳೆಪುಡಿ ಬೆರೆಸ್ಬೇಡಿ. ಆ ವಾಸನೆಗೆ ಮರಿ ಕುಂಡಾನೇ ಬಗೆದು ಮಣ್ಣು ಸಮೇತ ತಿಂದ್ಬಿಡುತ್ತೆ, ಜಾಸ್ತಿ ಹೋದ್ರೆ ಹೊಟ್ಟೇಲಿ ಗಟ್ಟಿಯಾಗಿ ಕೂತು ಆಪರೇಷನ್‌ವರೆಗೂ ಹೋಗಬಹುದು.

ಅಂತರಗಂಗೆ ಇಟ್ಕೊಳ್ಳೋ ಆಸೆ ಇದ್ರೆ ತೊಟ್ಟಿ ಮೇಲೆ ಕಬ್ಬಿಣದ ಜಾಲರಿ ಮುಚ್ಚಿ, ಗಪ್ಪಿಗೂ ಕಾಗೆ ಕಾಟ ತಪ್ಪುತ್ತೆ. ಪಕ್ಕದಲ್ಲೇ ನೆರಳಲ್ಲಿ ಒಂದು ಬಟ್ಟಲು ತಾಜಾ ನೀರಿಡಿ, ಬಾಯಾರಿದಾಗ ಮರಿ ತೊಟ್ಟಿ ಕಡೆ ಹೋಗೋದು ಕಮ್ಮಿ ಆಗುತ್ತೆ.