ಮಗಳ ತಲೆ ಮುಟ್ಟಿ ಆಣೆ ಮಾಡುವ ಮುನ್ನ

ಪ್ರಶ್ನೆ: ನನಗೆ 39 ವರ್ಷ. ದಿನಕ್ಕೊಂದು ಕ್ವಾರ್ಟರ್ ಇತ್ತು, ಈಗ ಎರಡಾಗಿದೆ. ಬೆಳಿಗ್ಗೆ ಕೈ ನಡುಗುತ್ತದೆ. ಒಂಬತ್ತು ವರ್ಷದ ಮಗಳ ತಲೆ ಮುಟ್ಟಿ ಆಣೆ ಮಾಡಿ ಸೋಮವಾರದಿಂದ ಒಮ್ಮೆಗೇ ಬಿಟ್ಟುಬಿಡಲೇ?
– ಓದುಗರೊಬ್ಬರು, ಹಾಸನ

ಉತ್ತರ: ಬಿಡಲೇಬೇಕು, ಆದರೆ ಹೀಗಲ್ಲ. ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಿಮ್ಮ ಲೆಕ್ಕ 120 ಗ್ರಾಂ. ದಿನವೂ ಮದ್ಯ ಅದುಮಿಟ್ಟ ನರಮಂಡಲ, ಅದು ತಪ್ಪಿದೊಡನೆ ಕೆರಳುತ್ತದೆ. ಕೊನೆಯ ಪೆಗ್ಗಿನ ನಂತರ 6ರಿಂದ 12 ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರು ಬಡಬಡಿಸುತ್ತಾರೆ, ಇಲ್ಲದ ಹುಳುಗಳನ್ನು ಕಾಣುತ್ತಾರೆ. ಇದು ಪ್ರಾಣಕ್ಕೇ ಕುತ್ತು; ಮನೆಯಲ್ಲಿಟ್ಟುಕೊಳ್ಳದೆ 108ಕ್ಕೆ ಕರೆ ಮಾಡಬೇಕು.

ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಹೆಚ್ಚು ಕುಡಿಯಬೇಡಿ, ಥಟ್ಟನೆ ನಿಲ್ಲಿಸಲೂ ಬೇಡಿ. ಹಿಂದೆ ಫಿಟ್ಸ್ ಬಂದಿದ್ದರೆ, ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ. ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ನರಗಳನ್ನು ಶಾಂತಗೊಳಿಸುವ ಮಾತ್ರೆ ಕೊಟ್ಟು, ಸುಮಾರು ಒಂದು ವಾರದಲ್ಲಿ ಅದರ ಪ್ರಮಾಣ ಇಳಿಸುತ್ತಾ ನಿಲ್ಲಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಜೊತೆಗೆ ಬಿ1, ಅಂದರೆ ಥಯಾಮಿನ್. ಸುಸ್ತೆಂದು ಪಕ್ಕದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಥಯಾಮಿನ್ ಇಲ್ಲದೆ ಗ್ಲೂಕೋಸ್ ಏರಿಸಿದರೆ, ಬಿ1 ಕೊರತೆಯಿದ್ದವರ ಮಿದುಳಿಗೆ ಪೆಟ್ಟಾಗಬಹುದು.

ಆಣೆ ಮಾತ್ರ ಬೇಡವೇ ಬೇಡ. ಒಂದು ದಿನ ತಪ್ಪಿದರೆ, ಮರುವಾರ ಬಂದ ನೆಗಡಿಜ್ವರಕ್ಕೂ ಅಪ್ಪನ ಆಣೆಯೇ ಕಾರಣವೆಂದು ಮಗು ನಂಬುತ್ತದೆ. ಹೀಗೆ ಹೇಳಿ: ‘ನಂಗೆ ಕುಡಿತದ ಕಾಯಿಲೆ ಇದೆ ಪುಟ್ಟಿ, ಡಾಕ್ಟ್ರು ಔಷಧಿ ಕೊಡ್ತಿದಾರೆ. ಇದು ನಿನ್ನಿಂದ ಆಗಿದ್ದಲ್ಲ. ಕೆಲವು ದಿನ ನಿದ್ದೆ ಬರಲ್ಲ, ಸಿಡುಕಬಹುದು.’ ಬಾಯಿ ಮೂಸಿ ನೋಡುವ ಕೆಲಸ ಅವಳಿಗೆ ಹಚ್ಚಬೇಡಿ. ಅಂಗಡಿಯಿಂದ ಸೋಡಾ, ಚಿಪ್ಸ್ ತರಿಸಿದ್ದು ಸಾಕು.

ಸಂಜೆ ಏಳರಿಂದ ಒಂಬತ್ತು ಕಷ್ಟದ ಹೊತ್ತು. ಹಸಿದ ಹೊಟ್ಟೆಗೆ ಚಪಲ ಜಾಸ್ತಿ, ಆರಕ್ಕೇ ಏನಾದರೂ ತಿನ್ನಿ. ಬಾರ್ ಇರುವ ದಾರಿ ಬಿಡಿ. ಆ ಹೊತ್ತಲ್ಲಿ ಮಗಳ ಹೋಂವರ್ಕಿಗೆ ಕೂತರೆ ಒಳ್ಳೆಯದೇ, ಆದರೆ ತಲೆ ಸಿಡಿಯುತ್ತಿರುವ ಮೊದಲ ವಾರದಲ್ಲಿ ಲೆಕ್ಕ ಹೇಳಿಕೊಡಲು ಹೋಗಬೇಡಿ.

ಪ್ರಶ್ನೆ: ಗಂಡನಿಗೆ ಗೊತ್ತಾಗದಂತೆ ಸಾರಿಗೆ ಹಾಕಲು ಪರಿಚಯದವರು ಕುಡಿತ ಬಿಡಿಸುವ ಮಾತ್ರೆ ಕೊಟ್ಟಿದ್ದಾರೆ. ಹಾಕಬಹುದೇ? ಮಕ್ಕಳಿಬ್ಬರು ಹೆದರಿದ್ದಾರೆ.
– ಓದುಗರೊಬ್ಬರು, ರಾಯಚೂರು

ಉತ್ತರ: ಹಾಕಬೇಡಿ. ಅದು ಬಹುಶಃ ಡೈಸಲ್ಫಿರಾಂ. ಅದು ಹೊಟ್ಟೆಗೆ ಹೋಗಿದೆಯೆಂದು ತಿಳಿಯದೆ ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು, ಹೃದಯಕ್ಕೂ ಅಪಾಯ. ಕೊನೆಯ ಕುಡಿತದಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ, ರೋಗಿ ಒಪ್ಪಿದ ಮೇಲಷ್ಟೇ ವೈದ್ಯರು ಇದನ್ನು ಶುರುಮಾಡುತ್ತಾರೆ. ನಿಲ್ಲಿಸಿದ ಮೇಲೂ ಎರಡು ವಾರ ಅದರ ಪ್ರಭಾವ ಇರಬಹುದು; ಆಲ್ಕೋಹಾಲ್ ಇರುವ ಅರಿಷ್ಟ, ಆಸವ, ಕೆಲವು ಕೆಮ್ಮಿನ ಸಿರಪ್ಪುಗಳೂ ಆಗ ವರ್ಜ್ಯ. ಚಪಲ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಯಾವುದು ಹೊಂದುತ್ತದೆಂದು ಲಿವರ್, ಕಿಡ್ನಿ ಪರೀಕ್ಷೆಯಾದ ಮೇಲೆ ವೈದ್ಯರೇ ಹೇಳಬೇಕು. ಗಂಡ ಬರಲು ಒಪ್ಪದಿದ್ದರೆ ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕುಡಿದು ಬಂದ ರಾತ್ರಿ ವಾದ ಬೇಡ. ಹೊಡೆತದ ಭಯವಿದ್ದರೆ ಮಕ್ಕಳೊಂದಿಗೆ ಯಾರ ಮನೆಗೆ ಹೋಗುವುದೆಂದು ಈಗಲೇ ಗೊತ್ತುಮಾಡಿಕೊಳ್ಳಿ.